ಓದುಗರ ಪ್ರಶ್ನೆಗಳು: ಸ್ಕಾಟ್ಲೆಂಡಿನ ಕ್ಲ್ಯಾನ್ ಮುಖ್ಯಸ್ಥರಿಗೆ ಇಂದು ಏನು ಕೆಲಸ?

ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್‌ನ ಕ್ರೀಡಾಕೂಟವೊಂದರ ಚಿತ್ರವನ್ನು ಪ್ರಕಟಿಸಿದ್ದೆವು. ಕಿಲ್ಟ್ ಉಟ್ಟು, ಟೊಪ್ಪಿಗೆಗೆ ಮೂರು ಹದ್ದಿನ ಗರಿಗಳನ್ನು ಸಿಕ್ಕಿಸಿಕೊಂಡು ಮೆರವಣಿಗೆಯ ಮುಂದೆ ನಡೆಯುತ್ತಿದ್ದ ಹಿರಿಯರೊಬ್ಬರನ್ನು ಚಿತ್ರದ ಕೆಳಗಿನ ಸಾಲು ‘ಕ್ಲ್ಯಾನ್ ಮುಖ್ಯಸ್ಥ’ ಎಂದಷ್ಟೇ ಪರಿಚಯಿಸಿತ್ತು. ಆ ಎರಡು ಪದಗಳ ಅರ್ಥ ಕೇಳಿ ಬಂದ ಪತ್ರಗಳು ಇಷ್ಟೊಂದು ಇರಬಹುದೆಂದು ನಾನು ಎಣಿಸಿರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಆ ಚಿತ್ರದಲ್ಲಿದ್ದವರು ಒಂದು ಬಗೆಯ ಸಣ್ಣ ಅರಸರೇ? ತಮ್ಮ ಕ್ಲ್ಯಾನಿನ ಜನರ ಮೇಲೆ ಅವರಿಗೆ ಕಾನೂನಿನ ಪ್ರಕಾರ ಏನಾದರೂ ಅಧಿಕಾರ ಇದೆಯೇ? (ಇತಿಹಾಸದ ವಿದ್ಯಾರ್ಥಿನಿಯೊಬ್ಬರು)

ಉತ್ತರ: ಇಲ್ಲ. ಇಂದಿನ ಮುಖ್ಯಸ್ಥರು ಯಾರಿಂದಲೂ ಕಂದಾಯ ಎತ್ತುವಂತಿಲ್ಲ, ಯಾರ ವ್ಯಾಜ್ಯವನ್ನೂ ತೀರ್ಮಾನಿಸುವಂತಿಲ್ಲ, ತಮ್ಮ ಹೆಸರನ್ನು ಹೊತ್ತವರು ತಮ್ಮ ಮಾತು ಕೇಳಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ. ಆದರೆ ಈ ‘ಇಲ್ಲ’ ಎಂಬ ಉತ್ತರದ ಹಿಂದೆ ಒಂದು ದೊಡ್ಡ ಕುಸಿತದ ಚರಿತ್ರೆ ಇದೆ, ಅದನ್ನು ತಿಳಿಯದೆ ಇಂದಿನ ಸ್ಥಿತಿ ಅರ್ಥವಾಗುವುದಿಲ್ಲ.

ಹೈಲ್ಯಾಂಡ್ ಜನರ ಗೇಲಿಕ್ ಭಾಷೆಯಲ್ಲಿ ‘ಕ್ಲ್ಯಾನ್’ ಎಂದರೆ ಮಕ್ಕಳು ಎಂದರ್ಥ. ಒಬ್ಬ ಮೂಲಪುರುಷನ ಮಕ್ಕಳು ತಾವೆಲ್ಲ ಎಂದು ನಂಬಿದ ಜನ, ಅವರ ಮನೆಗೆ ಹಿರಿಯನಂತೆ ಒಬ್ಬ ಮುಖ್ಯಸ್ಥ, ಹೀಗಿತ್ತು ಅದರ ಕಲ್ಪನೆ. ವಾಸ್ತವದಲ್ಲಿ ಎಲ್ಲರೂ ರಕ್ತಸಂಬಂಧಿಗಳಾಗಿರಲಿಲ್ಲ. ಬಲವಾದ ಮುಖ್ಯಸ್ಥನ ಆಶ್ರಯ ಬೇಡಿ ಬಂದ ಚಿಕ್ಕ ಮನೆತನಗಳು ‘ನಿನ್ನ ಯುದ್ಧದಲ್ಲಿ ನಾವು ಜೊತೆಗಿರುತ್ತೇವೆ, ನೀನು ನಮ್ಮನ್ನು ಕಾಯಬೇಕು’ ಎಂದು ಕರಾರು ಬರೆದುಕೊಟ್ಟ ಪತ್ರಗಳು ಇಂದಿಗೂ ಉಳಿದಿವೆ. ಮುಖ್ಯಸ್ಥನ ನಿಜವಾದ ಸಂಪತ್ತು ಅವನ ಕರೆಗೆ ಕತ್ತಿ ಹಿಡಿದು ಬರುವ ಗಂಡಸರ ಸಂಖ್ಯೆಯಾಗಿತ್ತು. ಮುಖ್ಯಸ್ಥರಲ್ಲಿ ಅನೇಕರಿಗೆ ವಂಶಪಾರಂಪರ್ಯವಾಗಿ ಬಂದ ನ್ಯಾಯಾಧಿಕಾರವೂ ಇತ್ತು. ತಮ್ಮ ಸೀಮೆಯೊಳಗೆ ವಿಚಾರಣೆ ನಡೆಸಿ ಶಿಕ್ಷೆ ವಿಧಿಸಬಹುದಾಗಿತ್ತು.

ಈ ಅಧಿಕಾರ ಒಂದೇ ದಿನದಲ್ಲಿ ಹೋದದ್ದಲ್ಲ. 1609ರಷ್ಟು ಹಿಂದೆಯೇ, ಅಯೋನಾ ಕಟ್ಟಳೆಗಳೆಂದು ಹೆಸರಾದ ಒಪ್ಪಂದದಲ್ಲಿ ಪಶ್ಚಿಮ ದ್ವೀಪಗಳ ಮುಖ್ಯಸ್ಥರು ತಮ್ಮ ಉತ್ತರಾಧಿಕಾರಿಗಳನ್ನು ತಗ್ಗುನಾಡಿನ ಶಾಲೆಗಳಿಗೆ ಕಳಿಸಿ ಇಂಗ್ಲಿಷ್ ಕಲಿಸಬೇಕೆಂಬ ಷರತ್ತಿಗೆ ಒಳಗಾದರು. ಮುಖ್ಯಸ್ಥನ ಮಗ ತನ್ನ ಜನರ ನುಡಿಯಿಂದ ದೂರ ಸರಿಯಲು ತೊಡಗಿದ್ದು ಅಲ್ಲಿಂದ ಎಂದು ನನಗೆ ತೋರುತ್ತದೆ. ಕೊನೆಯ ಪೆಟ್ಟು ಬಿದ್ದದ್ದು 1746ರ ಏಪ್ರಿಲ್ 16ರಂದು, ಇನ್ವರ್ನೆಸ್ ಬಳಿಯ ಕಲ್ಲೋಡನ್ ಬಯಲಿನಲ್ಲಿ. ಸ್ಟುವರ್ಟ್ ರಾಜವಂಶಕ್ಕೆ ಸಿಂಹಾಸನವನ್ನು ಮರಳಿ ಗಳಿಸಿಕೊಡಲು ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಎಬ್ಬಿಸಿದ ದಂಗೆ ಅಲ್ಲಿ ಒಂದು ಗಂಟೆಯೊಳಗೆ ಮುರಿದುಬಿತ್ತು. ಎಲ್ಲ ಕ್ಲ್ಯಾನ್‌ಗಳೂ ಅವನ ಪಕ್ಷದಲ್ಲಿದ್ದವೆಂದು ಹಲವರು ಭಾವಿಸುತ್ತಾರೆ, ಅದು ಸರಿಯಲ್ಲ. ಕ್ಯಾಂಪ್‌ಬೆಲ್ಲರಂಥ ಪ್ರಬಲ ಮನೆತನ ಸರ್ಕಾರದ ಕಡೆಗಿತ್ತು. ಆದರೆ ದಂಗೆಯ ಬಳಿಕ ಬಂದ ಕಾನೂನುಗಳು ಸೋತವರು, ಗೆದ್ದವರು ಎಂದು ನೋಡಲಿಲ್ಲ. ವಂಶಪಾರಂಪರ್ಯ ನ್ಯಾಯಾಧಿಕಾರ ರದ್ದಾಯಿತು, ಸೈನ್ಯಸೇವೆಯ ಷರತ್ತಿನ ಮೇಲೆ ಭೂಮಿ ಕೊಡುವ ಪದ್ಧತಿ ನಿಂತಿತು, ಆಯುಧಗಳನ್ನು ಕಿತ್ತುಕೊಳ್ಳಲಾಯಿತು. 1747ರ ಆಗಸ್ಟ್‌ನಿಂದ ಸೈನಿಕರನ್ನು ಬಿಟ್ಟು ಉಳಿದ ಗಂಡಸರು, ಹುಡುಗರು ಹೈಲ್ಯಾಂಡ್ ಉಡುಪು ತೊಡುವುದೂ ಅಪರಾಧವಾಯಿತು; ಆ ನಿಷೇಧ ತೆರವಾದದ್ದು 1782ರಲ್ಲಿ.

ಹಾಗಾಗಿ ಚಿತ್ರದಲ್ಲಿ ತಾವು ಕಂಡ ಮೂರು ಗರಿಗಳು ಅಧಿಕಾರದ ಗುರುತಲ್ಲ, ಸ್ಥಾನದ ಗುರುತು. ಮುಖ್ಯಸ್ಥರು ಮೂರು ಗರಿ, ಕ್ಲ್ಯಾನಿನ ಶಾಖೆಯೊಂದರ ಹಿರಿಯರು ಎರಡು, ಸ್ವಂತ ವಂಶಲಾಂಛನ ಪಡೆದವರು ಒಂದು ಗರಿ ಧರಿಸುವುದು ರೂಢಿ.

ಪ್ರಶ್ನೆ: ಅಧಿಕಾರವೇ ಇಲ್ಲವೆಂದ ಮೇಲೆ ಮುಖ್ಯಸ್ಥರು ದಿನನಿತ್ಯ ಮಾಡುವುದಾದರೂ ಏನು? ಅವರಿಗೆ ಸಂಬಳ ಉಂಟೇ? (ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು)

ಉತ್ತರ: ಸಂಬಳವಿಲ್ಲ. ಬಹುಪಾಲು ಮುಖ್ಯಸ್ಥರು ಬೇರೆ ವೃತ್ತಿಯಿಂದ ಅಥವಾ ತಮ್ಮ ಜಮೀನಿನಿಂದ ಬದುಕುವವರು. ಮ್ಯಾಕ್‌ಫರ್ಸನ್ ಕ್ಲ್ಯಾನಿನ 27ನೆಯ ಮುಖ್ಯಸ್ಥರಾಗಿದ್ದ ಸರ್ ವಿಲಿಯಂ ಮ್ಯಾಕ್‌ಫರ್ಸನ್ ಹೈಕೋರ್ಟ್ ನ್ಯಾಯಾಧೀಶರಾಗಿದ್ದರು. ಲಂಡನ್ನಿನ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖೆಯಲ್ಲಿ ಆದ ಲೋಪಗಳ ಬಗ್ಗೆ ವಿಚಾರಣೆ ನಡೆಸಿ, ಲಂಡನ್ ಪೊಲೀಸ್ ವ್ಯವಸ್ಥೆಯಲ್ಲೇ ವರ್ಣಭೇದ ಬೇರುಬಿಟ್ಟಿದೆ ಎಂದು 1999ರಲ್ಲಿ ವರದಿ ಕೊಟ್ಟವರು ಅವರೇ. ಮಲ್ ದ್ವೀಪದ ಮ್ಯಾಕ್ಲೇನರ ಮುಖ್ಯಸ್ಥರಾಗಿದ್ದ ಲಾರ್ಡ್ ಮ್ಯಾಕ್ಲೇನ್ 1959ರಿಂದ ಸ್ಕೌಟ್ ಚಳವಳಿಯ ಮುಖ್ಯಸ್ಥರೂ ಆಗಿದ್ದು, ಆಮೇಲೆ ಅರಮನೆಯ ಹಿರಿಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲಿನ್ ಆದರು. ಲೊಖೀಲ್‌ನ ಕ್ಯಾಮರನ್ನರ ಇಂದಿನ ಮುಖ್ಯಸ್ಥರು ಸ್ಕಾಟಿಷ್ ಸಂಸತ್ತಿನ ಸದಸ್ಯರಾಗಿದ್ದು, 2024ರಲ್ಲಿ ಬ್ರಿಟಿಷ್ ಸರ್ಕಾರದಲ್ಲಿ ಕಿರಿಯ ಸಚಿವರೂ ಆದರು. ಇವರು ಯಾರೂ ಮುಖ್ಯಸ್ಥರಾದ್ದರಿಂದ ಆ ಹುದ್ದೆಗಳಿಗೆ ಬಂದವರಲ್ಲ ಎಂಬುದನ್ನು ಗಮನಿಸಬೇಕು.

ಮುಖ್ಯಸ್ಥರಾಗಿ ಅವರು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಚದುರಿಹೋದ ಬಳಗಕ್ಕೆ ಒಂದು ಮನೆಬಾಗಿಲು ಇದೆ ಎಂಬ ಭಾವವನ್ನು ಉಳಿಸುವುದು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಯಾ ಹೆಸರಿನ ಕ್ಲ್ಯಾನ್ ಸಂಘಗಳಿವೆ. ಉತ್ತರ ಕೆರೊಲಿನಾದ ಗ್ರ್ಯಾಂಡ್‌ಫಾದರ್ ಬೆಟ್ಟದಲ್ಲಿ 1956ರಿಂದ ನಡೆದುಬಂದಿರುವಂಥ ಹೈಲ್ಯಾಂಡ್ ಕ್ರೀಡಾಕೂಟಗಳಿಗೆ ಮುಖ್ಯಸ್ಥರನ್ನು ಅತಿಥಿಗಳಾಗಿ ಕರೆಯುತ್ತಾರೆ. ಅಲ್ಲಿ ಅವರು ಒಂದು ಡೇರೆಯ ಮುಂದೆ ದಿನವಿಡೀ ನಿಂತು, ‘ನಮ್ಮ ಮುತ್ತಜ್ಜ ಇಂಥ ಊರಿನಿಂದ ಹೊರಟವನಂತೆ’ ಎಂದು ಹೇಳಿಕೊಂಡು ಬರುವವರ ಮಾತು ಕೇಳುತ್ತಾರೆ. ವಂಶಾವಳಿಯ ಬಗ್ಗೆ ಬರುವ ಪತ್ರಗಳಿಗೆ ಉತ್ತರ ಬರೆಯುವುದು, ಸಂಘದ ಪ್ರತಿನಿಧಿಗಳನ್ನು ನೇಮಿಸುವುದು, ಕ್ಲ್ಯಾನಿನ ವಸ್ತುಸಂಗ್ರಹಾಲಯ ಮತ್ತು ದತ್ತಿನಿಧಿಗಳ ಅಧ್ಯಕ್ಷತೆ ವಹಿಸುವುದು, ಬಣ್ಣದ ಚೌಕಳಿ ಬಟ್ಟೆಯಾದ ಟಾರ್ಟನ್‌ನ ಹೊಸ ವಿನ್ಯಾಸಕ್ಕೆ ಕ್ಲ್ಯಾನಿನ ಹೆಸರು ಇಡಲು ಒಪ್ಪಿಗೆ ಕೊಡುವುದು, ಇವೆಲ್ಲ ಅದರೊಂದಿಗೆ ಬರುವ ಕೆಲಸಗಳು. 1952ರಲ್ಲಿ ಹೇ ಕ್ಲ್ಯಾನಿನ ಮುಖ್ಯಸ್ಥೆ ಎರಲ್‌ನ ಕೌಂಟೆಸ್ ಅವರ ಪ್ರೇರಣೆಯಿಂದ ಸ್ಥಾಪನೆಯಾದ ಸ್ಕಾಟಿಷ್ ಮುಖ್ಯಸ್ಥರ ಸ್ಥಾಯೀ ಸಮಿತಿಯು ಅವರನ್ನೆಲ್ಲ ಒಂದೆಡೆ ಸೇರಿಸುತ್ತದೆ.

ಈ ಹೊಸ ಪಾತ್ರಕ್ಕೆ ಸ್ಪಷ್ಟ ರೂಪ ಕೊಟ್ಟವರಲ್ಲಿ ನಾನು ಮೊದಲು ನೆನೆಯುವುದು ಸ್ಕೈ ದ್ವೀಪದ ಡನ್‌ವೆಗನ್ ಕೋಟೆಯ ಡೇಮ್ ಫ್ಲೋರಾ ಮ್ಯಾಕ್ಲೌಡ್ ಅವರನ್ನು. ತಂದೆಯ ನಂತರ 1935ರಲ್ಲಿ ಅವರು 28ನೆಯ ಮುಖ್ಯಸ್ಥೆಯಾದಾಗ ಅವರಿಗೆ ಆಗಲೇ ಐವತ್ತೇಳರ ಸಮೀಪದ ವಯಸ್ಸು. ಎರಡನೆಯ ಮಹಾಯುದ್ಧದ ಬಳಿಕ, ಹಲವರು ವಿಶ್ರಾಂತಿ ಬಯಸುವ ಪ್ರಾಯದಲ್ಲಿ, ಅವರು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳನ್ನು ಸುತ್ತಿದರು; ಮ್ಯಾಕ್ಲೌಡ್ ಹೆಸರಿನವರು ಇದ್ದಲ್ಲೆಲ್ಲ ಸಂಘ ಕಟ್ಟಲು ನೆರವಾದರು. 1956ರಲ್ಲಿ ಡನ್‌ವೆಗನ್‌ನಲ್ಲಿ ಕ್ಲ್ಯಾನಿನ ಮೊದಲ ಮಹಾಸಭೆ ಸೇರಿತು. ನಾಲ್ಕು ವರ್ಷಗಳಿಗೊಮ್ಮೆ ಅಂಥ ಸಭೆ ಸೇರುವ ಪರಿಪಾಠ ಅಲ್ಲಿಂದ ಬೆಳೆಯಿತು. 98ನೆಯ ವಯಸ್ಸಿನಲ್ಲಿ, 1976ರಲ್ಲಿ, ಅವರು ತೀರಿಕೊಂಡರು. ಅವರ ಕಾಲಕ್ಕೆ ಮೊದಲು ಮುಖ್ಯಸ್ಥರನ್ನು ಕಾಣಲು ಜನ ಕೋಟೆಗೆ ಬರಬೇಕಿತ್ತು. ಫ್ಲೋರಾ ತಾವೇ ಜನರನ್ನು ಹುಡುಕಿಕೊಂಡು ಹೊರಟರು. ಈ ಒಂದು ಬದಲಾವಣೆಯೇ ಆಧುನಿಕ ಮುಖ್ಯಸ್ಥಿಕೆಯ ತಿರುಳು ಎಂದು ನನ್ನ ಎಣಿಕೆ.

ಕೋಟೆಗಳ ವಿಷಯ ಬೇರೆಯದೇ ಭಾರ. ಮಲ್ ದ್ವೀಪದ ಡುವಾರ್ಟ್ ಕೋಟೆ ಪಾಳುಬಿದ್ದಿತ್ತು. ಸರ್ ಫಿಟ್ಸ್‌ರಾಯ್ ಮ್ಯಾಕ್ಲೇನ್ 1911ರಲ್ಲಿ ಅದನ್ನು ಮರಳಿ ಕೊಂಡು ದುರಸ್ತಿ ಮಾಡಿಸಿದರು, ಅದೂ ಎಪ್ಪತ್ತೈದು ದಾಟಿದ ಮೇಲೆ. ಅಟ್ಲಾಂಟಿಕ್ ಕಡೆಯಿಂದ ಬೀಸುವ ಮಳೆಗಾಳಿಗೆ ಆ ಗೋಡೆಗಳು ಇಂದಿಗೂ ಮತ್ತೆ ಮತ್ತೆ ದುರಸ್ತಿ ಬೇಡುತ್ತಿವೆ. 1975ರಲ್ಲಿ ಕ್ಯಾಂಪ್‌ಬೆಲ್ಲರ ಇನ್ವರೇರಿ ಕೋಟೆಗೆ ಬೆಂಕಿ ಬಿದ್ದಾಗ ಅದನ್ನು ಮತ್ತೆ ಎತ್ತಿ ಕಟ್ಟಲು ಜಗತ್ತಿನ ನಾನಾ ಕಡೆಯ ಕ್ಯಾಂಪ್‌ಬೆಲ್ಲರು ಹಣ ಕಳಿಸಿದರು. ಹಿಂದೆ ಮುಖ್ಯಸ್ಥ ಕರೆದರೆ ಕತ್ತಿ ಬರುತ್ತಿತ್ತು, ಈಗ ಚೆಕ್ಕು ಬರುತ್ತದೆ. ಎರಡರಲ್ಲಿಯೂ ಇರುವುದು ಒಂದೇ ನಂಟು, ಈಗಿನದರಲ್ಲಿ ಬಲವಂತವಿಲ್ಲ ಎಂಬುದೇ ವ್ಯತ್ಯಾಸ.

ಮುಖ್ಯಸ್ಥನಾಗಲು ಕೋಟೆಯಾಗಲಿ, ಸ್ಕಾಟ್ಲೆಂಡಿನಲ್ಲಿ ವಾಸವಾಗಲಿ ಅಗತ್ಯವಿಲ್ಲ ಎಂಬುದಕ್ಕೆ ಅಥೋಲ್‌ನ ಮರ್ರೆ ಮನೆತನವೇ ಸಾಕ್ಷಿ. 1996ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಳ್ಳುವ ಮುನ್ನ ಬ್ಲೇರ್ ಕೋಟೆಯನ್ನೂ ಎಸ್ಟೇಟಿನ ಬಹುಭಾಗವನ್ನೂ ದತ್ತಿಸಂಸ್ಥೆಗೆ ವಹಿಸಿದರು. ಪದವಿ ಮಾತ್ರ ದಕ್ಷಿಣ ಆಫ್ರಿಕಾದಲ್ಲಿದ್ದ ದೂರದ ಸಂಬಂಧಿಗೆ ಹೋಯಿತು. ಆ ಶಾಖೆಯ ಮುಖ್ಯಸ್ಥರು ಅಥೋಲ್ ಹೈಲ್ಯಾಂಡರ್ಸ್ ಎಂಬ ದಳದ ಕವಾಯತಿಗಾಗಿ ದೂರದೇಶದಿಂದ ಬ್ಲೇರ್‌ಗೆ ಬಂದು ನಿಲ್ಲುತ್ತಾರೆ. 1845ರಲ್ಲಿ ರಾಣಿ ವಿಕ್ಟೋರಿಯಾ ಧ್ವಜ ಕೊಟ್ಟು ಮನ್ನಣೆ ನೀಡಿದ ಈ ಖಾಸಗಿ ಪಡೆಗೆ ಈಗಿರುವುದು ವಿಧ್ಯುಕ್ತ ಕರ್ತವ್ಯ ಮಾತ್ರ.

ಪ್ರಶ್ನೆ: ಮುಖ್ಯಸ್ಥ ಯಾರು ಎಂದು ತೀರ್ಮಾನಿಸುವವರು ಯಾರು? ವಂಶವೇ ಕೊನೆಗೊಂಡರೆ ಚುನಾವಣೆ ನಡೆಯುತ್ತದೆಯೇ? ಹೆಣ್ಣುಮಕ್ಕಳಿಗೂ ಈ ಸ್ಥಾನ ಸಿಗುತ್ತದೆಯೇ? (ವಕೀಲರೊಬ್ಬರು)

ಉತ್ತರ: ಕೊನೆಯ ಭಾಗಕ್ಕೆ ಫ್ಲೋರಾ ಅವರ ಉದಾಹರಣೆಯೇ ಉತ್ತರ. ಹೆಣ್ಣುಮಕ್ಕಳು ಮುಖ್ಯಸ್ಥರಾಗಿದ್ದಾರೆ, ಇಂದೂ ಇದ್ದಾರೆ.

ಮೊದಲ ಭಾಗಕ್ಕೆ ಉತ್ತರ ಕೊಂಚ ಸುತ್ತುದಾರಿಯದು. ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವಿದೆ. ವಂಶಲಾಂಛನಗಳ ಮೇಲ್ವಿಚಾರಣೆ ಅವರದು. 1672ರ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಲಾಂಛನಗಳನ್ನೆಲ್ಲ ದಾಖಲಿಸುವ ಸಾರ್ವಜನಿಕ ವಹಿಯನ್ನು ಅವರ ಕಚೇರಿಯೇ ಇಟ್ಟುಕೊಂಡು ಬಂದಿದೆ, ಮತ್ತು ಅಲ್ಲಿ ಇನ್ನೊಬ್ಬರ ಲಾಂಛನವನ್ನು ಅನುಮತಿಯಿಲ್ಲದೆ ಬಳಸುವುದು ಇಂದಿಗೂ ಶಿಕ್ಷಾರ್ಹ. ಕ್ಲ್ಯಾನಿನ ಪೂರ್ಣ ಲಾಂಛನ, ಯಾವ ಶಾಖಾಭೇದದ ಗುರುತೂ ಇಲ್ಲದೆ, ಯಾರ ಹೆಸರಿಗೆ ದಾಖಲಾಗುತ್ತದೆಯೋ ಅವರನ್ನೇ ಮುಖ್ಯಸ್ಥರೆಂದು ಜನ ಒಪ್ಪುತ್ತಾರೆ. ತಾವು ವಕೀಲರಾದ್ದರಿಂದ ಇಲ್ಲಿನ ಒಂದು ಸೂಕ್ಷ್ಮ ತಮಗೆ ಹಿಡಿಸಬಹುದು. ಆರ್ಡ್‌ಗೌರ್‌ನ ಮ್ಯಾಕ್ಲೇನ್ ಮನೆತನದ ಮೊಕದ್ದಮೆಯಲ್ಲಿ, 1941ರಲ್ಲಿ, ಸ್ಕಾಟ್ಲೆಂಡಿನ ಹಿರಿಯ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್, ಮುಖ್ಯಸ್ಥನ ಸ್ಥಾನಕ್ಕೆ ಸಂಬಂಧಿಸಿದ ವಿವಾದವನ್ನೇ ಇತ್ಯರ್ಥ ಮಾಡುವ ಅಧಿಕಾರ ಲಾರ್ಡ್ ಲಯನ್‌ಗೆ ಇಲ್ಲ ಎಂದು ಹೇಳಿತು. ಅಂದರೆ ಅವರು ತೀರ್ಮಾನಿಸುವುದು ಲಾಂಛನದ ಹಕ್ಕನ್ನು. ಮುಖ್ಯಸ್ಥಿಕೆ ಅದರ ನೆರಳಿನಂತೆ ಹಿಂಬಾಲಿಸುತ್ತದೆ.

ಹೆಸರಿನ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚು. ಮುಖ್ಯಸ್ಥರಾಗುವವರು ಕ್ಲ್ಯಾನಿನ ಹೆಸರನ್ನೇ ತಮ್ಮ ಕುಲನಾಮವಾಗಿ ಧರಿಸಬೇಕು. ಡೇಮ್ ಫ್ಲೋರಾ ಅವರ ಉತ್ತರಾಧಿಕಾರಿಯಾದ ಮೊಮ್ಮಗ ಜಾನ್ ಹುಟ್ಟಿದ್ದು ವೊಲ್ರಿಜ್‌-ಗಾರ್ಡನ್ ಎಂಬ ಹೆಸರಿನಿಂದ. ಆ ಸ್ಥಾನಕ್ಕಾಗಿ ಅವರು ಮ್ಯಾಕ್ಲೌಡ್ ಆದರು.

ವಂಶದ ಎಳೆ ಕಡಿದುಹೋದಾಗ ನಡೆಯುವುದನ್ನು ಪೂರ್ತಿಯಾಗಿ ಚುನಾವಣೆ ಎನ್ನಲಾಗದು. ಕ್ಲ್ಯಾನಿನ ಲಾಂಛನಧಾರಿಗಳೂ ಹಿರಿಯರೂ ಲಾರ್ಡ್ ಲಯನ್ ಅವರ ಮೇಲ್ವಿಚಾರಣೆಯಲ್ಲಿ ಕುಟುಂಬಸಭೆ ಸೇರಿ ಒಬ್ಬರ ಹೆಸರನ್ನು ಸೂಚಿಸುತ್ತಾರೆ. ಅವರನ್ನು ಸಾಮಾನ್ಯವಾಗಿ ಮೊದಲು ‘ಕಮಾಂಡರ್’ ಎಂದು ಕೆಲವು ವರ್ಷಗಳ ಅವಧಿಗೆ ನೇಮಿಸಿ, ಆ ನಡುವೆ ರಕ್ತಸಂಬಂಧದ ಹಕ್ಕುದಾರರು ಯಾರಾದರೂ ಪುರಾವೆಯೊಡನೆ ಮುಂದೆ ಬರುತ್ತಾರೆಯೇ ಎಂದು ಕಾಯುತ್ತಾರೆ. ಉತ್ತರ ತುದಿಯ ಗನ್ ಕ್ಲ್ಯಾನಿಗೆ ಎರಡು ಶತಮಾನಕ್ಕೂ ಮಿಗಿಲಾಗಿ ಮುಖ್ಯಸ್ಥರೇ ಇರಲಿಲ್ಲ. ದಶಕಗಳ ಕಾಲ ಕಮಾಂಡರ್ ಆಗಿ ದುಡಿದ ಇಯಾನ್ ಗನ್ ಅವರನ್ನು 2015ರ ಕುಟುಂಬಸಭೆ ಸೂಚಿಸಿದ ಬಳಿಕ ಲಾರ್ಡ್ ಲಯನ್ ಮುಖ್ಯಸ್ಥರೆಂದು ಮಾನ್ಯಮಾಡಿದರು. ಬುಕ್ಯಾನನ್ ಕ್ಲ್ಯಾನಿನದು ಇನ್ನೊಂದು ದಾರಿ. 1681ರಲ್ಲಿ ಕೊನೆಯ ಮುಖ್ಯಸ್ಥರು ಗಂಡು ಸಂತಾನವಿಲ್ಲದೆ ತೀರಿಕೊಂಡಿದ್ದರು. ವಂಶಾವಳಿಯ ದೀರ್ಘ ಶೋಧನೆಯ ಆಧಾರದ ಮೇಲೆ ಜಾನ್ ಮೈಕೆಲ್ ಬೇಲಿ-ಹ್ಯಾಮಿಲ್ಟನ್ ಬುಕ್ಯಾನನ್ ಅವರಿಗೆ 2018ರಲ್ಲಿ ಮಾನ್ಯತೆ ದೊರೆತು, 2022ರ ಅಕ್ಟೋಬರ್‌ನಲ್ಲಿ ಕ್ಯಾಲಂಡರ್ ಬಳಿ ಪದಗ್ರಹಣ ನಡೆಯಿತು. ಸುಮಾರು 340 ವರ್ಷ ಖಾಲಿಯಿದ್ದ ಸ್ಥಾನವೊಂದನ್ನು ತುಂಬಲು ಇಷ್ಟು ಶ್ರಮಪಡುವ ಜನ ಇದ್ದಾರೆಂಬುದೇ, ಆ ಸ್ಥಾನ ಬರಿಯ ಅಲಂಕಾರವಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟ ಸಂಗತಿ.

ಪ್ರಶ್ನೆ: ಇದೇ ಮುಖ್ಯಸ್ಥರ ಪೂರ್ವಿಕರು ಕುರಿ ಸಾಕಣೆಗಾಗಿ ತಮ್ಮ ಜನರನ್ನೇ ಊರು ಬಿಡಿಸಿದವರೆಂದು ಓದಿದ್ದೇನೆ. ಆ ಜನರ ಮೊಮ್ಮಕ್ಕಳು ಮರಿಮಕ್ಕಳು ಇಂದು ಅವರನ್ನು ಗೌರವಿಸುವುದು ಹೇಗೆ ಸಾಧ್ಯ? ಇದು ಇತಿಹಾಸವನ್ನು ಮರೆತದ್ದಲ್ಲವೇ? (ಕಾಲೇಜು ಅಧ್ಯಾಪಕರೊಬ್ಬರು)

ಉತ್ತರ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ತಾವು ಓದಿದ್ದು ನಿಜ.

ಗೇಲಿಕ್ ಜನರಲ್ಲಿ ‘ದೂಖಸ್’ ಎಂಬ ಒಂದು ಕಲ್ಪನೆ ಇತ್ತು. ತಲೆತಲಾಂತರದಿಂದ ಉತ್ತು ಬಾಳಿದ ನೆಲದ ಮೇಲೆ ಆ ಜನರಿಗೆ ಹಕ್ಕಿದೆ, ಮುಖ್ಯಸ್ಥ ಅದರ ಕಾವಲುಗಾರ ಎಂಬ ತಿಳಿವಳಿಕೆ ಅದು. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಲ್ಲಿ ಭೂಮಿ ಮುಖ್ಯಸ್ಥನ ಹೆಸರಿನಲ್ಲಿತ್ತು, ಅಷ್ಟೆ. ಕತ್ತಿ ಹಿಡಿಯುವ ಗಂಡಸರು ಬೇಡವಾದ ಮೇಲೆ ಮುಖ್ಯಸ್ಥನಿಗೆ ಜನಬಲದ ಬದಲು ಗೇಣಿಯ ಹಣ ಮುಖ್ಯವಾಯಿತು. ಲಂಡನ್ ಮತ್ತು ಎಡಿನ್‌ಬರೋಗಳ ಬದುಕಿಗೆ ತಕ್ಕ ಖರ್ಚು ಬೆಳೆಯಿತು. ಕಡಲಪಾಚಿ ಸುಟ್ಟು ಬೂದಿ ಮಾರುವ ಉದ್ಯಮ ಕೆಲಕಾಲ ದ್ವೀಪಗಳ ಒಡೆಯರಿಗೆ ಹಣ ತಂದಿತಾದರೂ, ನೆಪೋಲಿಯನ್ ಯುದ್ಧಗಳು 1815ರಲ್ಲಿ ಮುಗಿದ ಮೇಲೆ ಅದರ ಬೆಲೆ ಕುಸಿದು, ಸಾಲ ಮಾತ್ರ ಉಳಿಯಿತು. ದೊಡ್ಡ ಕುರಿಮಂದೆಗಳ ಗುತ್ತಿಗೆದಾರರು ಕೊಡುತ್ತಿದ್ದ ಗೇಣಿಯ ಮುಂದೆ ಸಣ್ಣ ಒಕ್ಕಲುಗಳು ಕೊಡುವುದು ಏನೂ ಅಲ್ಲವಾಯಿತು.

ಸದರ್ಲೆಂಡಿನಲ್ಲಿ ನಡೆದದ್ದು ಅತ್ಯಂತ ಕುಖ್ಯಾತ. ಅಲ್ಲಿನ ಒಡತಿ, ಸದರ್ಲೆಂಡಿನ ಕೌಂಟೆಸ್ ಎಲಿಜಬೆತ್ ಮತ್ತು ಅವರ ಪತಿಯ ಎಸ್ಟೇಟಿನಿಂದ ಕಿಲ್ಡೊನನ್, ಸ್ಟ್ರಾತ್‌ನೇವರ್ ಕಣಿವೆಗಳ ಜನರನ್ನು ಕಡಲತೀರದ ಬಂಜರು ತುಂಡುಗಳಿಗೆ ಅಟ್ಟಲಾಯಿತು. 1814ರಲ್ಲಿ ಸ್ಟ್ರಾತ್‌ನೇವರ್‌ನಲ್ಲಿ ಮನೆಗಳ ಚಾವಣಿಗೆ ಬೆಂಕಿ ಇಡಿಸಿದನೆಂದು ಆರೋಪ ಹೊತ್ತ ಎಸ್ಟೇಟಿನ ಅಧಿಕಾರಿ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ಇನ್ವರ್ನೆಸ್ ನ್ಯಾಯಾಲಯದಿಂದ ಖುಲಾಸೆಯಾದನು. ಒಕ್ಕಲುಗಳಿಗೆ ನೆಲದ ಮೇಲೆ ಭದ್ರವಾದ ಹಕ್ಕನ್ನು ಕೊಟ್ಟ ಕಾಯ್ದೆ ಬಂದದ್ದು 1886ರಲ್ಲಿ. ಅಷ್ಟು ಹೊತ್ತಿಗೆ ಅನೇಕ ಕಣಿವೆಗಳಲ್ಲಿ ಹಕ್ಕು ಪಡೆಯಲು ಜನರೇ ಉಳಿದಿರಲಿಲ್ಲ.

ಆದರೆ ಎಲ್ಲ ಮುಖ್ಯಸ್ಥರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾಗುತ್ತದೆ. 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಬರಗಾಲ ಬಂದಾಗ, ಡೇಮ್ ಫ್ಲೋರಾ ಅವರ ಅಜ್ಜ, 25ನೆಯ ಮುಖ್ಯಸ್ಥ ನಾರ್ಮನ್ ಮ್ಯಾಕ್ಲೌಡ್ ತನ್ನ ಜನರಿಗೆ ಧಾನ್ಯ ಒದಗಿಸಿ ದಿವಾಳಿಯಾದರು. ಆಮೇಲೆ ಲಂಡನ್ನಿಗೆ ಹೋಗಿ ಸರ್ಕಾರಿ ಕಚೇರಿಯೊಂದರಲ್ಲಿ ನೌಕರಿ ಹಿಡಿದು ಬದುಕಿದರು.

ಇನ್ನು, ಗೌರವಿಸುವುದು ಹೇಗೆ ಸಾಧ್ಯ ಎಂಬ ತಮ್ಮ ಮಾತಿಗೆ ಬಾರಾ ದ್ವೀಪದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಲ್ಲಿನ ಮ್ಯಾಕ್‌ನೀಲ್ ಮುಖ್ಯಸ್ಥರು ಸಾಲದಲ್ಲಿ ಮುಳುಗಿ 1838ರಲ್ಲಿ ದ್ವೀಪವನ್ನೇ ಕಳೆದುಕೊಂಡರು. ಮುಂದೆ ಅದನ್ನು ಕೊಂಡ ಜಾನ್ ಗಾರ್ಡನ್ ಎಂಬ ಧನಿಕ 1851ರಲ್ಲಿ ನೂರಾರು ಜನರನ್ನು ಬಲವಂತವಾಗಿ ಕೆನಡಾದ ಹಡಗು ಹತ್ತಿಸಿದ. ಸುಮಾರು ನೂರು ವರ್ಷಗಳ ಬಳಿಕ, 1937ರಲ್ಲಿ, ವಲಸೆ ಹೋದ ಶಾಖೆಯೊಂದರ ಕುಡಿಯಾದ ಅಮೆರಿಕನ್ ವಾಸ್ತುಶಿಲ್ಪಿ ರಾಬರ್ಟ್ ಲಿಸ್ಟರ್ ಮ್ಯಾಕ್‌ನೀಲ್ ದ್ವೀಪದ ಬಹುಭಾಗವನ್ನೂ, ಕ್ಯಾಸಲ್‌ಬೇ ಕೊಲ್ಲಿಯ ನಡುವೆ ಬಂಡೆಯ ಮೇಲೆ ನಿಂತಿರುವ ಕಿಸಿಮುಲ್ ಕೋಟೆಯ ಅವಶೇಷವನ್ನೂ ಕೊಂಡರು. ಉಳಿದ ಆಯುಷ್ಯದ ಬಹುಪಾಲು ಆ ಕೋಟೆಯ ಕಲ್ಲುಗಳನ್ನು ಮತ್ತೆ ಜೋಡಿಸುವುದರಲ್ಲೇ ಕಳೆಯಿತು. ಅವರ ಮಗ ಇಯಾನ್ ಮ್ಯಾಕ್‌ನೀಲ್ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕರಾರು ಕಾನೂನಿನ ಪ್ರಾಧ್ಯಾಪಕರಾಗಿದ್ದರು. ಅವರು ಮಾಡಿದ ಎರಡು ಕೆಲಸಗಳನ್ನು ನೋಡಿ: 2000ದಲ್ಲಿ ಕಿಸಿಮುಲ್ ಕೋಟೆಯನ್ನು ಸ್ಕಾಟ್ಲೆಂಡಿನ ಪುರಾತನ ಕಟ್ಟಡಗಳ ಸಂರಕ್ಷಣಾ ಸಂಸ್ಥೆಗೆ 1,000 ವರ್ಷಗಳ ಗುತ್ತಿಗೆಗೆ ಕೊಟ್ಟರು; ವರ್ಷದ ಬಾಡಿಗೆ 1 ಪೌಂಡ್ ಮತ್ತು ಒಂದು ಬಾಟಲಿ ವಿಸ್ಕಿ. 2004ರಲ್ಲಿ ಸುಮಾರು 9,000 ಎಕರೆಯ ಒಕ್ಕಲುಭೂಮಿಯನ್ನು, ಹಣ ಪಡೆಯದೆ, ಸ್ಕಾಟಿಷ್ ಸರ್ಕಾರಕ್ಕೆ ಒಪ್ಪಿಸಿದರು.

ಭೂಮಿ ಬಿಟ್ಟುಕೊಟ್ಟ ಮೇಲೂ ಅವರ ಮುಖ್ಯಸ್ಥಿಕೆಗೆ ಕೊರತೆಯಾಗಲಿಲ್ಲ. ಮುಖ್ಯಸ್ಥನೂ ಜಮೀನುದಾರನೂ ಒಬ್ಬನೇ ಆಗಿದ್ದುದರಿಂದ ಹೈಲ್ಯಾಂಡಿನ ಜನರಿಗೆ ಒದಗಿದ ದುರಂತ ದೊಡ್ಡದು. ಆ ಗಂಟನ್ನು ಒಬ್ಬ ಮುಖ್ಯಸ್ಥರು ತಾವಾಗಿಯೇ ಬಿಚ್ಚಿದರು. ಮುಖ್ಯಸ್ಥರ ಸ್ಥಾನ ಇಂದಿನ ಕಾಲಕ್ಕೆ ಒಪ್ಪುವುದು ಈ ದಾರಿಯಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಗಂಟು ಎಲ್ಲೆಡೆಯೂ ಬಿಚ್ಚಿಲ್ಲ ಎಂಬುದನ್ನೂ ಹೇಳಬೇಕು. ಬಾರಾದ ಕೋಟೆಯ ಗುತ್ತಿಗೆಯಾದ ಅದೇ 2000ದಲ್ಲಿ, ಡನ್‌ವೆಗನ್ ಕೋಟೆಯ ಸೋರುವ ಚಾವಣಿಯನ್ನು ದುರಸ್ತಿ ಮಾಡಿಸಲು ಹಣ ಬೇಕೆಂದು 29ನೆಯ ಮುಖ್ಯಸ್ಥ ಜಾನ್ ಮ್ಯಾಕ್ಲೌಡ್ ಸ್ಕೈ ದ್ವೀಪದ ಕೂಲಿನ್ ಪರ್ವತಶ್ರೇಣಿಯನ್ನೇ 1 ಕೋಟಿ ಪೌಂಡ್‌ಗೆ ಮಾರಾಟಕ್ಕಿಟ್ಟರು. ಪರ್ವತವನ್ನು ಒಬ್ಬ ವ್ಯಕ್ತಿ ಮಾರಬಹುದೇ, ಅದು ನಿಜಕ್ಕೂ ಅವರದೇ ಎಂದು ದ್ವೀಪದಲ್ಲೂ ಹೊರಗೂ ಪ್ರತಿಭಟನೆ ಎದ್ದಿತು, ಮಾರಾಟ ನಡೆಯಲಿಲ್ಲ. ಕೋಟೆಯನ್ನು ಉಳಿಸುವ ಅವರ ಕಳಕಳಿ ಪ್ರಾಮಾಣಿಕವಾಗಿತ್ತೆಂದೇ ನಾನು ಭಾವಿಸುತ್ತೇನೆ. ಆದರೆ ಜನರ ಎದೆಯಲ್ಲಿ ‘ದೂಖಸ್’ ಸತ್ತಿಲ್ಲವೆಂದು ಆ ಪ್ರತಿಭಟನೆ ತೋರಿಸಿತು.

ಮರೆವಿನ ಬಗ್ಗೆ ತಾವು ಕೇಳಿದ್ದೀರಿ. ದೂರದೇಶದಿಂದ ಬರುವವರಲ್ಲಿ ಬಹುಮಂದಿ ತಮ್ಮ ಪೂರ್ವಿಕರು ಯಾಕೆ ಹೊರಟರೆಂದು ಚೆನ್ನಾಗಿ ಬಲ್ಲರು. ಅವರು ಮುಖ್ಯಸ್ಥರನ್ನು ಕಾಣುವ ದಿನವೇ ಪಾಳುಬಿದ್ದ ಹಳ್ಳಿಯ ಗೋಡೆಗಳನ್ನೂ ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ಬೇಕಾದದ್ದು ಒಡೆಯನಲ್ಲ. ತಮ್ಮವರು ಅಲ್ಲಿದ್ದರೆಂದು ಹೇಳಬಲ್ಲ ಒಬ್ಬ ಮನುಷ್ಯ. ಆ ಮಾತನ್ನು ಹೇಳುವಾಗ ಒಕ್ಕಲೆಬ್ಬಿಸಿದ ಕಥೆಯನ್ನು ಮುಚ್ಚಿಡುವ ಮುಖ್ಯಸ್ಥರು ತಮ್ಮ ಕರ್ತವ್ಯವನ್ನು ಅರ್ಧಕ್ಕೇ ಬಿಟ್ಟಂತೆ.

ಪ್ರಶ್ನೆ: ಮ್ಯಾಕ್‌ಡೊನಾಲ್ಡ್ ಎಂಬ ಹೆಸರಿನವರೆಲ್ಲ ಆ ಕ್ಲ್ಯಾನಿನ ಲಾಂಛನವನ್ನು ಬಳಸಬಹುದೇ? (ಗೃಹಿಣಿಯೊಬ್ಬರು)

ಉತ್ತರ: ಬಳಸುವಂತಿಲ್ಲ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಕ್ಲ್ಯಾನಿಗೆ ಸಾಮೂಹಿಕ ಲಾಂಛನ ಎಂಬುದಿಲ್ಲ. ಲಾಂಛನ ಮುಖ್ಯಸ್ಥರ ಸ್ವಂತ ಸೊತ್ತು. ಸದಸ್ಯರು ಧರಿಸುವುದು ಒಂದು ಬಿಲ್ಲೆಯನ್ನು. ಮುಖ್ಯಸ್ಥರ ಶಿರೋಲಾಂಛನವನ್ನು ಸುತ್ತುವರಿದ ಬಕಲ್ ಹಾಕಿದ ಪಟ್ಟಿ ಅದರಲ್ಲಿರುತ್ತದೆ, ಪಟ್ಟಿಯ ಮೇಲೆ ಅವರ ಧ್ಯೇಯವಾಕ್ಯ. ಆ ಪಟ್ಟಿಯ ಅರ್ಥವೇ ‘ಇದು ನನ್ನದಲ್ಲ, ನಾನು ಇವರ ಕಡೆಯವನು’ ಎಂದು.

ಪ್ರಶ್ನೆ: ಮುಖ್ಯಸ್ಥರನ್ನು ಎದುರಿಗೆ ಕಂಡರೆ ಏನೆಂದು ಕರೆಯಬೇಕು? ಸ್ಕಾಟಿಷ್ ರಕ್ತವಿಲ್ಲದವರು ಕ್ಲ್ಯಾನಿಗೆ ಸೇರಬಹುದೇ? (ಪ್ರವಾಸಪ್ರಿಯ ದಂಪತಿ)

ಉತ್ತರ: ಕರೆಯುವ ರೀತಿ ತುಂಬ ಸರಳ. ಮುಖ್ಯಸ್ಥರನ್ನು ಅವರ ನೆಲದ ಅಥವಾ ಮನೆತನದ ಹೆಸರಿನಿಂದಲೇ ಕರೆಯುವುದು ವಾಡಿಕೆ. ಕ್ಯಾಮರನ್ನರ ಮುಖ್ಯಸ್ಥರು ‘ಲೊಖೀಲ್’, ಮ್ಯಾಕ್‌ಫರ್ಸನ್ನರ ಮುಖ್ಯಸ್ಥರು ‘ಕ್ಲೂನಿ’. ಹೀಗೆ ಬರಿದಾಗಿ ಹೆಸರು ಹಿಡಿದು ಕೂಗುವುದು ಕೇಳಲು ಉದ್ಧಟತನದಂತೆ ತೋರಬಹುದು. ಅಲ್ಲಿ ಮಾತ್ರ ಅದೇ ಹಳೆಯ ಮರ್ಯಾದೆ. ಏಕೆಂದರೆ ಆ ಹೆಸರಿನಿಂದ ಕರೆಸಿಕೊಳ್ಳುವವರು ಒಂದು ಕಾಲಕ್ಕೆ ಒಬ್ಬರೇ.

ಸೇರುವ ವಿಷಯದಲ್ಲಿ ಲಾರ್ಡ್ ಲಯನ್ ನ್ಯಾಯಾಲಯದ ವಿವರಣೆ ಉದಾರವಾಗಿದೆ. ಮುಖ್ಯಸ್ಥರ ಕುಲನಾಮವನ್ನೇ ಹೊಂದಿದವರೆಲ್ಲ ಕ್ಲ್ಯಾನಿನವರೆಂದು ಗಣಿಸಲ್ಪಡುತ್ತಾರೆ. ಆ ಹೆಸರಿಲ್ಲದವರು ಕೂಡ ಮುಖ್ಯಸ್ಥರಿಗೆ ನಿಷ್ಠೆ ಸಲ್ಲಿಸಿದರೆ, ಅವರು ತಿರಸ್ಕರಿಸದೆ ಇರುವವರೆಗೆ, ಸದಸ್ಯರೇ. ಹಿಂದೆ ಆಶ್ರಯ ಬೇಡಿ ಬಂದ ಪರಕೀಯರನ್ನು ಕರಾರಿನ ಮೂಲಕ ಸೇರಿಸಿಕೊಳ್ಳುತ್ತಿದ್ದ ಪದ್ಧತಿಯೇ ಹೀಗೆ ಮುಂದುವರಿದಿದೆ. ಈಗ ಅದಕ್ಕೆ ಕತ್ತಿಯ ಆಣೆ ಬೇಕಿಲ್ಲ. ಮುಖ್ಯಸ್ಥರಿಗೋ ಅವರ ಕ್ಲ್ಯಾನ್ ಸಂಘಕ್ಕೋ ಒಂದು ಪತ್ರ ಬರೆದರೆ ಸಾಕು.